ಇಂಪು ಹುಟ್ಟಿನಿಂದ ಬಂದದ್ದೋ, ಬೆಳೆಯುತ್ತಾ ಕಲಿತದ್ದೋ? ಬೊಲಿವಿಯಾದ ಚಿಮಾನೆ ಜನರ ಪ್ರಕರಣ

ಕೀಬೋರ್ಡಿನಲ್ಲಿ ಸ ಮತ್ತು ಪ ಒಟ್ಟಿಗೆ ಒತ್ತಿದರೆ ಎರಡೂ ಹಿತವಾಗಿ ಬೆರೆಯುತ್ತವೆ. ಪ ಬಿಟ್ಟು ಅದರ ಪಕ್ಕದ ಪ್ರತಿ ಮಧ್ಯಮ ಒತ್ತಿದರೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಸಂಗೀತ ಕಲಿಯದವರಿಗೂ ಇದು ಗೊತ್ತಾಗುತ್ತದೆ. ಹಾಗಾದರೆ ಈ ಹಿತ ಬಂದದ್ದು ಎಲ್ಲಿಂದ? ಮನುಷ್ಯರ ಮಿದುಳು ಇರುವುದೇ ಹೀಗಾ? ಅಥವಾ ಚಿಕ್ಕಂದಿನಿಂದ ಕೇಳಿ ಕೇಳಿ ರೂಢಿಯಾದದ್ದಾ?

ಈ ಜಗಳ ಬಹಳ ಹಳೆಯದು. ಗ್ರೀಸಿನ ಪೈಥಾಗೊರಸ್ ಹಾದಿಯವರು ಉತ್ತರವನ್ನು ಸಂಖ್ಯೆಯಲ್ಲಿ ಹುಡುಕಿದರು. ತಂತಿಯ ಉದ್ದ 2ಕ್ಕೆ 1 ಇದ್ದರೆ ಸ ಮತ್ತು ಮೇಲಿನ ಸ, 3ಕ್ಕೆ 2 ಇದ್ದರೆ ಸ ಮತ್ತು ಪ. ಸರಳ ಅನುಪಾತ ಇದ್ದಲ್ಲಿ ಇಂಪು ಅಂತ ಅವರ ಲೆಕ್ಕ. 1863ರಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಉತ್ತರವನ್ನು ಕಿವಿಯೊಳಗೆ ಇಟ್ಟರು. 20ನೇ ಶತಮಾನದಲ್ಲಿ ಬೇರೆ ಬೇರೆ ಜನಾಂಗಗಳ ಸಂಗೀತವನ್ನು ಅಧ್ಯಯನ ಮಾಡುವವರು ಇದನ್ನು ಒಪ್ಪಲಿಲ್ಲ. ಇದು ಯುರೋಪಿನ ಸಂಗೀತದ ರೂಢಿ, ಎಲ್ಲ ಮನುಷ್ಯರ ಮೇಲೆ ಹೇರಬೇಡಿ ಅಂದರು.

ವಾದ ಮುಗಿಯದಿರಲು ಒಂದು ಸರಳ ಕಾರಣ ಇತ್ತು. ಪ್ರಯೋಗಾಲಯಕ್ಕೆ ಬಂದು ಕುಳಿತು ಕೇಳುವವರೆಲ್ಲ ಪಾಶ್ಚಾತ್ಯ ಸಂಗೀತದಲ್ಲೇ ಮುಳುಗಿ ಬೆಳೆದವರು. ರೇಡಿಯೊ, ಸಿನಿಮಾ, ಜಾಹೀರಾತು, ಮೊಬೈಲ್ ರಿಂಗ್‌ಟೋನ್, ಎಲ್ಲದರಲ್ಲೂ ಅದೇ ಸ್ವರಕೂಟಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳು. ಅಂಥವರಿಗೆ ಇದು ಇಷ್ಟವಾ ಅಂತ ಕೇಳಿದರೆ ಹೌದು ಅಂತಾರೆ. ಆದರೆ ಆ ಹೌದು ಮಿದುಳಿನದೋ, ರೂಢಿಯದೋ ಹೇಳಲಾಗುವುದಿಲ್ಲ. ಎರಡನ್ನೂ ಬಿಡಿಸಿ ನೋಡಬೇಕಾದರೆ ಆ ಸ್ವರಕೂಟಗಳು ಕಿವಿಗೆ ಬೀಳದೆ ಬೆಳೆದವರು ಬೇಕು. ಬೊಲಿವಿಯಾದ ಕಾಡಿನಲ್ಲಿ ಅಂಥ ಜನ ಸಿಕ್ಕರು. ಅಲ್ಲಿ ನಡೆದದ್ದು ನನ್ನ ಮಟ್ಟಿಗೆ ಸಂಗೀತ ಮತ್ತು ಮಿದುಳಿನ ಬಗ್ಗೆ ಈ ಶತಮಾನದಲ್ಲಿ ನಡೆದ ಅತ್ಯಂತ ಮುಖ್ಯ ಕೆಲಸಗಳಲ್ಲಿ ಒಂದು. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಜನ ಮತ್ತು ಅವರ ಹಾಡು

ಬೊಲಿವಿಯಾ ಅಂದರೆ ನಮಗೆ ಆಂಡಿಸ್ ಪರ್ವತ ನೆನಪಾಗುತ್ತದೆ. ಆದರೆ ಆ ದೇಶದ ದೊಡ್ಡ ಭಾಗ ಅಮೆಜಾನ್ ಕಡೆಗೆ ಇಳಿಯುವ ತಗ್ಗು ಪ್ರದೇಶ. ಅಲ್ಲಿನ ಬೆನಿ ಪ್ರಾಂತ್ಯದಲ್ಲಿ ಮನಿಕಿ ಎಂಬ ನದಿ ಹರಿಯುತ್ತದೆ. ಅದರ ದಡದ ಸಣ್ಣ ಸಣ್ಣ ಹಳ್ಳಿಗಳಲ್ಲಿ ಚಿಮಾನೆ ಜನ ಇದ್ದಾರೆ. ಒಟ್ಟು 12,000ಕ್ಕೂ ಹೆಚ್ಚು ಮಂದಿ. ಮರಗೆಣಸು, ಬಾಳೆ, ಭತ್ತ, ಮೆಕ್ಕೆಜೋಳ ಬೆಳೆಯುತ್ತಾರೆ. ಮೀನು ಹಿಡಿಯುತ್ತಾರೆ, ಬೇಟೆಯಾಡುತ್ತಾರೆ. ಅವರದ್ದೇ ಭಾಷೆ ಇದೆ. ಪರೀಕ್ಷೆ ನಡೆದ ದೂರದ ಹಳ್ಳಿಗಳಲ್ಲಿ ಕರೆಂಟ್ ಇರಲಿಲ್ಲ, ನಲ್ಲಿ ನೀರು ಇರಲಿಲ್ಲ. ಅಲ್ಲಿಗೆ ಹೋಗಬೇಕಾದರೆ ದೋಣಿಯೇ ಗತಿ. ಹತ್ತಿರದ ಪಟ್ಟಣ ಸಾನ್ ಬೋರ್ಹಾ.

ವೈದ್ಯಕೀಯ ಲೋಕಕ್ಕೂ ಈ ಜನ ಪರಿಚಿತರು. 2017ರಲ್ಲಿ ಇವರ ಹೃದಯದ ರಕ್ತನಾಳಗಳನ್ನು ಪರೀಕ್ಷಿಸಿದಾಗ, ಅದುವರೆಗೆ ಅಧ್ಯಯನ ಮಾಡಿದ ಯಾವುದೇ ಜನಸಮುದಾಯಕ್ಕಿಂತ ಕಡಿಮೆ ಕೊಬ್ಬಿನ ಕಟ್ಟು ಕಂಡಿತ್ತು. ಅಂದರೆ ಸಂಶೋಧಕರು ಅಲ್ಲಿಗೆ ಬಂದುಹೋಗುವುದು ಹೊಸದೇನಲ್ಲ. ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞ ರಿಕಾರ್ಡೊ ಗೊಡೊಯ್ ಬಹಳ ವರ್ಷಗಳಿಂದ ಅವರ ಜೊತೆ ಕೆಲಸ ಮಾಡುತ್ತಿದ್ದರು. ಅಮೆರಿಕದ ಎಂಐಟಿ ಎಂಬ ವಿದ್ಯಾಸಂಸ್ಥೆಯಲ್ಲಿ ಕೇಳುವಿಕೆಯ ಬಗ್ಗೆ ಸಂಶೋಧನೆ ಮಾಡುವ ಜಾಶ್ ಮೆಕ್‌ಡರ್ಮಟ್ ಅವರೊಂದಿಗೆ ಸೇರಿದರು. ಆಲನ್ ಶುಲ್ಟ್ಸ್ ಮತ್ತು ಎಡ್ವಾರ್ಡೊ ಉಂದುರಾಗಾ ಕೂಡ ತಂಡದಲ್ಲಿದ್ದರು. ಇಂಥ ಕೆಲಸದಲ್ಲಿ ಮಾನವಶಾಸ್ತ್ರಜ್ಞರಿಗೆ ಸಿಗಬೇಕಾದ ಮನ್ನಣೆ ಸಿಗುವುದು ಕಡಿಮೆ. ಹಳ್ಳಿಯವರ ಭಾಷೆ, ನಂಬಿಕೆ, ಒಪ್ಪಿಗೆ ಇಲ್ಲದೆ ಇಲ್ಲಿ ಒಂದು ಹೆಡ್‌ಫೋನ್ ಕೂಡ ಯಾರ ಕಿವಿಗೂ ಏರುತ್ತಿರಲಿಲ್ಲ.

ಈಗ ಅವರ ಸಂಗೀತಕ್ಕೆ ಬರೋಣ. ಚಿಮಾನೆ ಜನರಿಗೆ ಹಾಡುಗಳಿವೆ, ವಾದ್ಯಗಳೂ ಇವೆ. ಆದರೆ ಒಂದು ಸಲಕ್ಕೆ ಒಂದೇ ಧಾಟಿ. ಒಬ್ಬರು ಒಂದು ಸ್ವರದಲ್ಲಿ, ಇನ್ನೊಬ್ಬರು ಬೇರೆ ಸ್ವರದಲ್ಲಿ ಒಟ್ಟಿಗೆ ಹಾಡುವ ಪದ್ಧತಿ ಇಲ್ಲ. ಗುಂಪಾಗಿ ಹಾಡುವುದೇ ಅಪರೂಪ. ಪ್ರಪಂಚದಲ್ಲಿ ಇದು ತೀರಾ ಸಾಮಾನ್ಯವಲ್ಲ. ಬೇಕೆಂದೇ ಎರಡು ಸ್ವರಗಳನ್ನು ಜೋಡಿಸುವ ಅಭ್ಯಾಸ ಅವರ ಸಂಗೀತದಲ್ಲಿ ಇಲ್ಲವಾದ್ದರಿಂದ ಯಾವ ಜೋಡಿ ಒಳ್ಳೆಯದು, ಯಾವುದು ಕೆಟ್ಟದ್ದು ಎಂಬ ರೂಢಿಯೂ ಬೆಳೆದಿರುವುದಿಲ್ಲ. ಹಾಗಿದ್ದೂ ಅವರಿಗೆ ಸ-ಪ ಇಷ್ಟವಾದರೆ? ಆಗ ಅದು ಹುಟ್ಟಿನಿಂದಲೇ ಬಂದದ್ದು ಅನ್ನಲು ಬಲವಾದ ಕಾರಣ ಸಿಕ್ಕಂತೆ.

ಮೊದಲು ಎರಡು ವಿಷಯ ಬೇರೆ ಮಾಡಬೇಕು

ಸ್ವರಜೋಡಿ ಅಹಿತ ಅನ್ನಿಸಲು ಎರಡು ಕಾರಣ ಇರಬಹುದು. ಜನ ಈ ಎರಡನ್ನೂ ಕಲಸಿಬಿಡುತ್ತಾರೆ. ಪ್ರಕರಣದ ಜೀವಾಳ ಇದೇ ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಒಂದು, ಗರಗರ. 440 ಮತ್ತು 466 ಹರ್ಟ್ಸ್‌ನ (ಸೆಕೆಂಡಿಗೆ ಅಷ್ಟು ಕಂಪನಗಳ) ಎರಡು ನಾದಗಳನ್ನು ಒಟ್ಟಿಗೆ ಕೇಳಿಸಿದರೆ ಸದ್ದು ಸೆಕೆಂಡಿಗೆ 26 ಸಲ ಏರಿಳಿಯುತ್ತದೆ. ಒಳಕಿವಿಯ ಶಂಖದಂಥ ಭಾಗದಲ್ಲಿ ಎರಡೂ ನಾದ ಹೆಚ್ಚುಕಡಿಮೆ ಒಂದೇ ಜಾಗವನ್ನು ಅಲುಗಿಸುತ್ತವೆ. ಆದ್ದರಿಂದ ಅವು ಬಿಡಿಬಿಡಿಯಾಗಿ ಕೇಳುವುದಿಲ್ಲ, ಒರಟಾಗಿ ಗರಗರ ಅನ್ನುತ್ತವೆ. ಹೆಲ್ಮ್‌ಹೋಲ್ಟ್ಸ್ ಹೇಳಿದ್ದು ಇದನ್ನೇ. ಒಂದು ನಾದವನ್ನು ಬಲಗಿವಿಗೆ, ಇನ್ನೊಂದನ್ನು ಎಡಗಿವಿಗೆ ಬೇರೆ ಬೇರೆಯಾಗಿ ಕೊಟ್ಟರೆ ಈ ಗರಗರ ಬಹುಮಟ್ಟಿಗೆ ಮಾಯವಾಗುತ್ತದೆ. ಹೆಡ್‌ಫೋನ್ ಇದ್ದರೆ ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು.

ಎರಡು, ಹೊಂದಿಕೆ. ಮನುಷ್ಯರ ದನಿ ಒಂದೇ ಕಂಪನವಲ್ಲ. 200 ಹರ್ಟ್ಸ್‌ನಲ್ಲಿ ಹಾಡಿದರೆ ಜೊತೆಗೇ 400, 600, 800 ಹೀಗೆ ಅದರ ಗುಣಕಗಳೂ ಹೊರಡುತ್ತವೆ. ಈ ಸಾಲು ಕೇಳಿದರೆ ಮಿದುಳು ಇದು ಒಬ್ಬರದೇ ದನಿ ಅಂತ ಗುರುತಿಸುತ್ತದೆ. ಈಗ 200 ಮತ್ತು 300 ಹರ್ಟ್ಸ್‌ನ ಎರಡು ಸ್ವರ ಒಟ್ಟಿಗೆ ಬಂದರೆ, ಅಂದರೆ ಸ ಮತ್ತು ಪ, ಎಲ್ಲ ಕಂಪನಗಳೂ 100ರ ಗುಣಕಗಳೇ. ಒಂದೇ ದನಿಯ ಸಾಲಿನಂತೆ ಕಾಣುತ್ತದೆ. 200ರ ಜೊತೆ 283 ಬಂದರೆ, ಅದು ಪ್ರತಿ ಮಧ್ಯಮದ ಹತ್ತಿರದ ಸ್ವರ, ಯಾವ ಸಾಲಿಗೂ ಸರಿಯಾಗಿ ಕೂರುವುದಿಲ್ಲ.

2010ರಲ್ಲಿ ಮೆಕ್‌ಡರ್ಮಟ್ ಮತ್ತು ಜೊತೆಗಾರರು ಅಮೆರಿಕದ ವಿದ್ಯಾರ್ಥಿಗಳಲ್ಲಿ ಈ ಎರಡನ್ನೂ ಬೇರೆ ಮಾಡಿ ಅಳೆದಿದ್ದರು. ಇಂಪಾದ ಸ್ವರಕೂಟಗಳನ್ನು ಜಾಸ್ತಿ ಇಷ್ಟಪಟ್ಟವರು ಹೊಂದಿಕೆಯನ್ನೂ ಜಾಸ್ತಿ ಇಷ್ಟಪಟ್ಟರು. ಗರಗರ ಎಷ್ಟು ಕಿರಿಕಿರಿ ಅನ್ನಿಸುತ್ತದೆ ಎಂಬುದಕ್ಕೂ ಈ ಇಷ್ಟಕ್ಕೂ ನಂಟು ಕಾಣಲಿಲ್ಲ. ಜೊತೆಗೆ ವಾದ್ಯ ಕಲಿತ ವರ್ಷಗಳು ಹೆಚ್ಚಿದಷ್ಟೂ ಹೊಂದಿಕೆಯ ಮೇಲಿನ ಒಲವು ಹೆಚ್ಚಿತ್ತು. ಕಲಿಕೆಯ ಪಾಲು ಇರಬಹುದು ಎಂಬ ಸುಳಿವು ಅಲ್ಲೇ ಸಿಕ್ಕಿತ್ತು.

ಪರೀಕ್ಷೆ ನಡೆದ ರೀತಿ

2011ರಲ್ಲಿ ಒಮ್ಮೆ, 2015ರಲ್ಲಿ ಮತ್ತೊಮ್ಮೆ ಪರೀಕ್ಷೆ ನಡೆಯಿತು. ಎರಡೂ ಸೇರಿ ನೂರಕ್ಕೂ ಹೆಚ್ಚು ಚಿಮಾನೆ ಜನ ಭಾಗವಹಿಸಿದರು. ಹೆಡ್‌ಫೋನಿನಲ್ಲಿ ಒಂದು ಸದ್ದು ಕೇಳಿಸುವುದು, ಎಷ್ಟು ಇಷ್ಟವಾಯಿತು ಅಂತ ನಾಲ್ಕು ಹಂತದಲ್ಲಿ ಹೇಳಿಸುವುದು. ತುಂಬಾ ಇಷ್ಟ, ಸ್ವಲ್ಪ ಇಷ್ಟ, ಸ್ವಲ್ಪ ಇಷ್ಟವಿಲ್ಲ, ಒಂಚೂರೂ ಇಷ್ಟವಿಲ್ಲ. ಇಷ್ಟೇ. ಕಂಪ್ಯೂಟರಿನಲ್ಲಿ ಮಾಡಿದ ಸ್ವರಕೂಟಗಳನ್ನೂ, ಮನುಷ್ಯರ ದನಿಯ ಸ್ವರಜೋಡಿಗಳನ್ನೂ ಕೇಳಿಸಿದರು.

ಹೋಲಿಕೆಗೆ ಇನ್ನೂ ನಾಲ್ಕು ಗುಂಪುಗಳಿದ್ದವು. ಹತ್ತಿರದ ಪಟ್ಟಣದ ಸ್ಪ್ಯಾನಿಷ್ ಮಾತಾಡುವವರು. ಬೊಲಿವಿಯಾದ ಲಾ ಪಾಸ್ ನಗರದವರು. ಅಮೆರಿಕದಲ್ಲಿ ಸಂಗೀತ ಕಲಿಯದವರು. ಅಮೆರಿಕದಲ್ಲಿ ಸಂಗೀತ ಕಲಿತವರು. ಈ ಆಯ್ಕೆ ನನಗೆ ಬಹಳ ಮೆಚ್ಚುಗೆಯಾಯಿತು. ಕಾಡಿನವರು ಮತ್ತು ಅಮೆರಿಕದವರು ಅಂತ ಎರಡೇ ಗುಂಪು ಇಟ್ಟಿದ್ದರೆ ವ್ಯತ್ಯಾಸಕ್ಕೆ ನೂರು ಕಾರಣ ಹೇಳಬಹುದಿತ್ತು. ಊಟ, ಶಾಲೆ, ಭಾಷೆ, ಏನು ಬೇಕಾದರೂ. ನಡುವೆ ಪಟ್ಟಣ ಮತ್ತು ನಗರ ಇಟ್ಟಿದ್ದರಿಂದ ಪಾಶ್ಚಾತ್ಯ ಸಂಗೀತ ಕಿವಿಗೆ ಬೀಳುವ ಪ್ರಮಾಣ ಮೆಟ್ಟಿಲು ಮೆಟ್ಟಿಲಾಗಿ ಏರುವಂತಾಯಿತು. ಒಲವೂ ಅದೇ ಮೆಟ್ಟಿಲಲ್ಲಿ ಏರುತ್ತದಾ ಅಂತ ನೋಡಬಹುದು.

ಇನ್ನೊಂದು ಅನುಮಾನವನ್ನೂ ಅವರು ಮೊದಲೇ ಎದುರಿಸಿದರು. ಹೆಡ್‌ಫೋನ್ ಹಾಕಿಕೊಂಡು, ಯಾರೋ ಹೊರಗಿನವರ ಮುಂದೆ ಕುಳಿತು, ಎಂದೂ ಕೇಳದ ಸದ್ದಿಗೆ ಅಂಕ ಕೊಡಿ ಅಂದರೆ ಯಾರಾದರೂ ಸುಮ್ನೆ ಬಾಯಿಗೆ ಬಂದದ್ದು ಹೇಳಿಬಿಡಬಹುದು ಅಲ್ವಾ? ಹಾಗಾದರೆ ಒಲವು ಕಾಣದಿದ್ದರೂ ಅದು ಒಲವಿನ ಸುದ್ದಿಯಲ್ಲ, ಪರೀಕ್ಷೆ ಅರ್ಥವಾಗದ ಸುದ್ದಿ. ಇದನ್ನು ತಿಳಿಯಲು ಬೇರೆ ಸದ್ದುಗಳನ್ನೂ ಬೆರೆಸಿದರು. ಜನ ನಗುವ ಸದ್ದು, ಬೆಚ್ಚಿಬಿದ್ದು ಉಸಿರೆಳೆಯುವ ಸದ್ದು, ಗರಗರ ಅನ್ನುವ ನಾದ, ಗರಗರ ಇಲ್ಲದ ನಾದ. ಜೊತೆಗೆ, ಇಷ್ಟದ ಮಾತು ಪಕ್ಕಕ್ಕಿಟ್ಟು, ಸದ್ದುಗಳ ನಡುವಿನ ವ್ಯತ್ಯಾಸ ಅವರಿಗೆ ಗೊತ್ತಾಗುತ್ತದಾ ಅಂತಲೂ ಬೇರೆಯಾಗಿ ಪರೀಕ್ಷಿಸಿದರು.

ಸಿಕ್ಕ ಉತ್ತರ

2016ರ ಜುಲೈನಲ್ಲಿ ಫಲಿತಾಂಶ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು.

ನಗು ಚಿಮಾನೆ ಜನರಿಗೆ ಇಷ್ಟವಾಯಿತು, ಬೆಚ್ಚುವ ಸದ್ದು ಇಷ್ಟವಾಗಲಿಲ್ಲ. ಗರಗರ ಅವರಿಗೂ ಬೇಡ. ಅಮೆರಿಕದವರ ಉತ್ತರವೂ ಹೀಗೇ ಇತ್ತು. ವ್ಯತ್ಯಾಸ ಗುರುತಿಸುವುದರಲ್ಲೂ ಅವರೇನೂ ಹಿಂದಿರಲಿಲ್ಲ. ಅಂದರೆ ಪರೀಕ್ಷೆ ಅರ್ಥವಾಗಿದೆ, ಅಂಕ ಕೊಡುವುದೂ ಬರುತ್ತದೆ, ಕಿವಿ ಚುರುಕಾಗಿದೆ. ಆದರೆ ಇಂಪಾದ ಸ್ವರಕೂಟ ಮತ್ತು ಕರ್ಕಶ ಸ್ವರಕೂಟ ಎರಡಕ್ಕೂ ಅವರು ಕೊಟ್ಟ ಅಂಕ ಒಂದೇ. ಮನುಷ್ಯರ ದನಿಯಲ್ಲಿ ಕೇಳಿಸಿದಾಗಲೂ ಅಷ್ಟೇ. ಸ-ಪ ಆದರೂ ಸೈ, ಸ-ಪ್ರತಿ ಮಧ್ಯಮ ಆದರೂ ಸೈ.

ಉಳಿದ ನಾಲ್ಕು ಗುಂಪುಗಳಲ್ಲಿ ಮೆಟ್ಟಿಲು ಸ್ಪಷ್ಟವಾಗಿ ಕಂಡಿತು. ಬೊಲಿವಿಯಾದ ಪಟ್ಟಣ ಮತ್ತು ನಗರದವರಲ್ಲಿ ಇಂಪಿನ ಕಡೆ ಒಲವು ಇತ್ತು, ಆದರೆ ಸಣ್ಣದು. ಅಮೆರಿಕದವರಲ್ಲಿ ದೊಡ್ಡದು. ಅವರಲ್ಲೂ ಸಂಗೀತ ಕಲಿತವರಲ್ಲಿ ಇನ್ನೂ ದೊಡ್ಡದು.

ಇಲ್ಲಿ ಗಮನಿಸಬೇಕಾದ್ದು ಗರಗರದ ವಿಷಯ. ಅದರ ಮೇಲಿನ ಅಸಮಾಧಾನ ಎಲ್ಲ ಗುಂಪುಗಳಲ್ಲೂ ಇತ್ತು. ಒಳಕಿವಿಯ ರಚನೆ ಎಲ್ಲರದೂ ಒಂದೇ ಆದ್ದರಿಂದ ಇದು ಆಶ್ಚರ್ಯವಲ್ಲ. ಹಾಗೆಂದು ಗರಗರದ ಮೇಲೂ ರೂಢಿಯ ಕೈ ಇಲ್ಲ ಅನ್ನಲು ನನಗೆ ಮನಸ್ಸಿಲ್ಲ. ಬಾಲಿಯ ಗಮೆಲಾನ್ ಎಂಬ ವಾದ್ಯವೃಂದ ನೋಡಿ. ಅಲ್ಲಿ ವಾದ್ಯಗಳನ್ನು ಜೋಡಿಜೋಡಿಯಾಗಿ ಮಾಡುತ್ತಾರೆ. ಜೋಡಿಯಲ್ಲಿ ಒಂದನ್ನು ಇನ್ನೊಂದಕ್ಕಿಂತ ಬೇಕೆಂದೇ ಚೂರು ಮೇಲಿನ ಶ್ರುತಿಗೆ ಇಡುತ್ತಾರೆ. ಎರಡೂ ನುಡಿದಾಗ ಸದ್ದು ತೊನೆಯುತ್ತದೆ. ಆ ತೊನೆತ ಇಲ್ಲದಿದ್ದರೆ ವಾದ್ಯ ಸತ್ತಂತೆ ಎಂಬುದು ಅಲ್ಲಿನವರ ಭಾವನೆ. ಲಿಥುವೇನಿಯಾದ ಹಳೆಯ ಸುತಾರ್ತಿನೆಸ್ ಹಾಡುಗಳಲ್ಲಿ ಹೆಂಗಸರು ಒತ್ತೊತ್ತಾದ ಎರಡು ಸ್ವರ ಹಿಡಿದು ಒಟ್ಟಿಗೆ ಹಾಡುತ್ತಾರೆ. 2010ರಲ್ಲಿ ಯುನೆಸ್ಕೊ ಆ ಹಾಡುಗಾರಿಕೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಬೋಸ್ನಿಯಾ ಮತ್ತು ಕ್ರೊಯೇಷಿಯಾದ ಗಂಗಾ ಹಾಡುಗಾರಿಕೆಯೂ ಇದೇ ಜಾತಿಯದು. ಅಲ್ಲಿ ಆ ಉಜ್ಜುವ ಸದ್ದೇ ಹಾಡಿನ ಸೊಗಸು.

ಯುರೋಪಿನೊಳಗೂ ಇಂಪು ಒಂದೇ ಕಡೆ ನಿಂತಿಲ್ಲ. 9ನೇ ಶತಮಾನದ ಹೊತ್ತಿಗೆ ಚರ್ಚುಗಳಲ್ಲಿ ಒಂದೇ ಧಾಟಿಯನ್ನು ಸ ಮತ್ತು ಪ ಅಂತರದಲ್ಲಿ ಎರಡು ಸಾಲಾಗಿ ಹಾಡುವುದು ಇತ್ತು. ಕೆಲವು ಶತಮಾನ ಕಳೆದ ಮೇಲೆ ಸಂಗೀತ ರಚನೆ ಕಲಿಸುವವರು ಅದನ್ನೇ ತಪ್ಪು ಅಂತ ತಿದ್ದಿದರು. ಸ ಮತ್ತು ಅಂತರ ಗಾಂಧಾರದ ಜೋಡಿ ಇಂದು ಪಾಶ್ಚಾತ್ಯ ಸಂಗೀತದ ಬೆನ್ನೆಲುಬು. ಮಧ್ಯಯುಗದ ಶಾಸ್ತ್ರಕಾರರು ಅದಕ್ಕೆ ಪೂರ್ಣ ಇಂಪಿನ ಪಟ್ಟ ಕೊಟ್ಟಿರಲಿಲ್ಲ. ಮಿದುಳು ಇಷ್ಟು ಬೇಗ ಬದಲಾಗುವುದಿಲ್ಲ. ಬದಲಾದದ್ದು ಜನ ಏನನ್ನು ಕೇಳುತ್ತಾ ಬೆಳೆದರು ಎಂಬುದು.

ಹಾಗಾದರೆ ಮಿದುಳಿಗೆ ಕೆಲಸವೇ ಇಲ್ಲವಾ?

2016ರ ಸುದ್ದಿ ಓದಿ ಕೆಲವರು ಇಂಪು ಅನ್ನುವುದೆಲ್ಲ ಬರೀ ರೂಢಿ ಅಂತ ತೀರ್ಮಾನಿಸಿಬಿಟ್ಟರು. ಅದು ಅವಸರದ ಮಾತು. ಅದೇ ತಂಡ 2020ರಲ್ಲಿ ಇನ್ನೊಂದು ಫಲಿತಾಂಶ ಪ್ರಕಟಿಸಿತು. ಮಲಿಂಡಾ ಮೆಕ್‌ಫರ್ಸನ್ ಅದರ ಮೊದಲ ಲೇಖಕಿ. ನನ್ನ ಪ್ರಕಾರ ಇದು ಮೊದಲಿನದಕ್ಕಿಂತಲೂ ಸೂಕ್ಷ್ಮವಾದ ಕೆಲಸ, ಸುದ್ದಿಯಾದದ್ದು ಮಾತ್ರ ಕಡಿಮೆ.

ಈ ಸಲ ಇಷ್ಟವಾ ಅಂತ ಮಾತ್ರ ಕೇಳಲಿಲ್ಲ. ಕೇಳಿಸಿದ್ದು ಒಂದು ಸದ್ದೋ ಎರಡೋ ಅಂತಲೂ ಕೇಳಿದರು. ಕೆಲವು ಸಲ ಒಂದೇ ಸ್ವರ ಇರುತ್ತಿತ್ತು, ಕೆಲವು ಸಲ ಎರಡು. ಎರಡು ಇದ್ದಾಗಲೂ ಒಂದೇ ಅಂದುಕೊಳ್ಳುವುದು ಯಾವ ಜೋಡಿಗಳಲ್ಲಿ ಜಾಸ್ತಿ ಅಂತ ನೋಡಿದರು. ಅಮೆರಿಕದವರು ಸರಳ ಅನುಪಾತದ ಜೋಡಿಗಳಲ್ಲಿ ಹೆಚ್ಚು ಮೋಸಹೋದರು. ಸ ಮತ್ತು ಮೇಲಿನ ಸ ಆದರಂತೂ ಇನ್ನೂ ಜಾಸ್ತಿ. ಚಿಮಾನೆ ಜನರೂ ಇಂಥ ಸರಳ ಅನುಪಾತದ ಜೋಡಿಗಳಲ್ಲೇ ಮೋಸಹೋದರು. ಅಂದರೆ ಹೊಂದಿಕೆಯನ್ನು ಅವರ ಮಿದುಳೂ ಕಂಡುಹಿಡಿಯುತ್ತದೆ. ಗದ್ದಲದಲ್ಲಿ ಒಬ್ಬರ ದನಿಯನ್ನು ಇನ್ನೊಬ್ಬರ ದನಿಯಿಂದ ಬೇರೆ ಮಾಡಿ ಕೇಳಬೇಕಾದ ಎಲ್ಲ ಮನುಷ್ಯರಿಗೂ ಅದು ಬೇಕೇ ಬೇಕು. ಆದರೆ ಆ ಹೊಂದಿದ ಜೋಡಿಗಳೇ ಹೆಚ್ಚು ಇಷ್ಟ ಅಂತ ಚಿಮಾನೆ ಜನ ಈ ಸಲವೂ ಹೇಳಲಿಲ್ಲ.

ಮಿದುಳಿನ ಈ ಮಟ್ಟದ ಕೆಲಸಕ್ಕೆ ಬೇರೆ ಕಡೆಯಿಂದಲೂ ಸಾಕ್ಷಿ ಇದೆ. 2009ರಲ್ಲಿ ಬಿಡೆಲ್ಮನ್ ಮತ್ತು ಕೃಷ್ಣನ್ ಎಂಬ ಸಂಶೋಧಕರು ಸಂಗೀತ ಕಲಿಯದ ಅಮೆರಿಕನ್ನರ ಮಿದುಳುಕಾಂಡದ ವಿದ್ಯುತ್ ಸಂಕೇತಗಳನ್ನು ಅಳೆದರು. ಇಂಪಾದ ಜೋಡಿಗಳಿಗೆ ಸಂಕೇತ ಹೆಚ್ಚು ಬಲವಾಗಿತ್ತು. ಇದನ್ನು ಹಿಡಿದು ಇಂಪು ಹುಟ್ಟಿನಿಂದಲೇ ಬಂದದ್ದು ಅಂದವರಿದ್ದರು. ಚಿಮಾನೆ ಪ್ರಕರಣವನ್ನು ಪಕ್ಕದಲ್ಲಿಟ್ಟು ನೋಡಿದರೆ ಆ ಸಂಕೇತಕ್ಕೆ ಬೇರೆ ಅರ್ಥ ಕಾಣುತ್ತದೆ. ಅದು ಹೊಂದಿಕೆಯನ್ನು ಗುರುತಿಸಿದ ಗುರುತು. ಮೆಚ್ಚಿದ ಗುರುತು ಆಗಬೇಕಾಗಿಲ್ಲ.

ಮೆಚ್ಚುಗೆ ನಡೆಯುವ ಜಾಗ ಬೇರೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ವಲೋರಿ ಸಲಿಂಪೂರ್, ರಾಬರ್ಟ್ ಝಟೋರ್ ಮತ್ತು ಜೊತೆಗಾರರು 2011ರಲ್ಲಿ ಒಂದು ಮುಖ್ಯ ವಿಷಯ ತೋರಿಸಿದರು. ಇಷ್ಟದ ಸಂಗೀತ ಕೇಳಿ ಮೈ ಜುಮ್ಮೆನ್ನುವಾಗ ಮಿದುಳಿನ ಆಳದ ಸ್ಟ್ರಯೇಟಮ್ ಎಂಬ ಭಾಗದಲ್ಲಿ ಡೋಪಮೀನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ಅದೂ ಎರಡು ಹಂತದಲ್ಲಿ. ಆ ಕ್ಷಣ ಈಗ ಬರುತ್ತದೆ ಅಂತ ಕಾಯುವಾಗ ಒಂದು ಕಡೆ, ಬಂದೇಬಿಟ್ಟಾಗ ಇನ್ನೊಂದು ಕಡೆ. ಈ ಕಾಯುವ ಹಂತವೇ ನಮಗೆ ಬೇಕಾದ ಕೊಂಡಿ. ಮುಂದೇನು ಬರುತ್ತದೆ ಅಂತ ಕಾಯಬೇಕಾದರೆ ಅಂಥದ್ದನ್ನು ಮೊದಲು ಕೇಳಿರಬೇಕು. ಕೇಳಿದ್ದರ ಲೆಕ್ಕ ಕಿವಿಯ ಪಕ್ಕಕ್ಕಿರುವ ಮಿದುಳಿನ ಶ್ರವಣ ಭಾಗದಲ್ಲಿ ಕೂಡುತ್ತಾ ಹೋಗುತ್ತದೆ. ಸಂಗೀತ ಕಲಿಯದ ಜರ್ಮನರ ಮೇಲೆ ಸ್ಟೆಫಾನ್ ಕೋಲ್ಶ್ 2000ದಲ್ಲಿ ಪ್ರಕಟಿಸಿದ ಕೆಲಸ ಇದನ್ನು ಸೊಗಸಾಗಿ ತೋರಿಸುತ್ತದೆ. ಸ್ವರಕೂಟಗಳ ಸಾಲಿನಲ್ಲಿ ನಿರೀಕ್ಷೆ ಮಾಡದ ಒಂದು ಬಂದರೆ ಸುಮಾರು 200 ಮಿಲಿಸೆಕೆಂಡಿನೊಳಗೆ ಮಿದುಳು ಬೆಚ್ಚುತ್ತದೆ. ಯಾರೂ ಕಲಿಸದ ನಿಯಮ ಅದು. ಕೇಳುತ್ತಾ ಕೇಳುತ್ತಾ ಒಳಗೆ ಇಳಿದದ್ದು.

ಅದು ಎಷ್ಟು ಬೇಗ ಇಳಿಯುತ್ತದೆ ಅಂತ ತಿಳಿಯಲು ತಾಳದ ಒಂದು ಪ್ರಯೋಗ ನೋಡಬೇಕು. 2005ರಲ್ಲಿ ಎರಿನ್ ಹ್ಯಾನನ್ ಮತ್ತು ಸ್ಯಾಂಡ್ರಾ ಟ್ರೆಹಬ್ ಬಾಲ್ಕನ್ ದೇಶಗಳ ಏಳರ ಎಣಿಕೆಯಂಥ ತಾಳಗಳನ್ನು ಉತ್ತರ ಅಮೆರಿಕದ ಮಕ್ಕಳಿಗೆ ಕೇಳಿಸಿದರು. ಆರು ತಿಂಗಳ ಕೂಸುಗಳಿಗೆ ತಾಳ ತಪ್ಪಿದ್ದು ಗೊತ್ತಾಗುತ್ತಿತ್ತು. ಅವರ ಸುತ್ತಲಿನ ದೊಡ್ಡವರಿಗೆ ಅದು ಕಷ್ಟವಾಗುತ್ತಿತ್ತು. ಒಂದು ವರ್ಷ ತುಂಬುವ ಹೊತ್ತಿಗೆ ಮಕ್ಕಳೂ ದೊಡ್ಡವರಂತೆಯೇ ಆಗಿದ್ದರು. ಆದರೆ ಆ ವಯಸ್ಸಿನಲ್ಲಿ ಕೆಲವು ದಿನ ಬಾಲ್ಕನ್ ಸಂಗೀತ ಕೇಳಿಸಿದರೆ ಕಳೆದುಹೋದದ್ದು ಮರಳುತ್ತಿತ್ತು. ಮಾತು ಸರಿಯಾಗಿ ಬರುವ ಮೊದಲೇ ಮಗುವಿನ ಮಿದುಳು ತನ್ನ ಮನೆಯ ಸಂಗೀತಕ್ಕೆ ಒಗ್ಗಿಕೊಂಡಿರುತ್ತದೆ. ಸಂಸ್ಕೃತಿ ಮಿದುಳಿನ ಹೊರಗೆ ಎಲ್ಲೋ ಇರುವ ವಸ್ತು ಎಂಬಂತೆ ಬರೆಯುವುದನ್ನು ನಾನು ಒಪ್ಪದಿರಲು ಇದೇ ಕಾರಣ.

ಬಂದ ಆಕ್ಷೇಪಗಳು

ಆಕ್ಷೇಪಗಳು ಬಂದವು, ಬರಬೇಕಾದದ್ದೇ. ಡೇನಿಯಲ್ ಬೌಲಿಂಗ್, ಟೆಕುಮ್ಸೆ ಫಿಚ್ ಮತ್ತು ಸಂಗಡಿಗರು 2017ರಲ್ಲಿ 2016ರ ಚಿಮಾನೆ ಫಲಿತಾಂಶಕ್ಕೆ ಪ್ರತಿಯಾಗಿ ಬರೆದರು. ಹುಟ್ಟುಗುಣ ಮತ್ತು ರೂಢಿ ಎರಡನ್ನೂ ಎದುರುಬದುರು ನಿಲ್ಲಿಸಬೇಡಿ ಎಂಬುದು ಅವರ ವಾದದ ತಿರುಳು. 2020ರ ಫಲಿತಾಂಶ ಬಂದ ಮೇಲೆ ಆ ಮಾತಿಗೆ ತೂಕ ಹೆಚ್ಚಿದೆ ಅನ್ನಬೇಕು.

ಇನ್ನೊಂದು ಆಕ್ಷೇಪ ಕೂಸುಗಳನ್ನು ಹಿಡಿದು ಬಂದದ್ದು. 1996ರಲ್ಲಿ ಝೆಂಟ್ನರ್ ಮತ್ತು ಕೇಗನ್ ನಾಲ್ಕು ತಿಂಗಳ ಮಕ್ಕಳು ಇಂಪಾದ ಧಾಟಿಯ ಕಡೆಗೆ ಹೆಚ್ಚು ಹೊತ್ತು ನೋಡುತ್ತಾರೆ ಅಂತ ತೋರಿಸಿದ್ದರು. ಬಹಳ ಕಾಲ ಅದೇ ಕೊನೆಯ ಮಾತಾಗಿತ್ತು. 2014ರಲ್ಲಿ ಪ್ಲಾಂಟಿಂಗ ಮತ್ತು ಟ್ರೆಹಬ್ ಆರು ತಿಂಗಳ ಮಕ್ಕಳಲ್ಲಿ ಅಂಥ ಒಲವು ಕಾಣಲಿಲ್ಲ ಅಂದರು. ನಾಲ್ಕು ತಿಂಗಳ ಮಗು ಕೂಡ ಸಂಗೀತ ಕೇಳದ ಮಗುವಲ್ಲ ಎಂಬುದನ್ನೂ ಮರೆಯಬಾರದು.

ಮೂರನೆಯದು ಕ್ಯಾಮರೂನಿನ ಉತ್ತರದ ಮಾಫಾ ಜನರದ್ದು. 2009ರಲ್ಲಿ ಥಾಮಸ್ ಫ್ರಿಟ್ಜ್ ತಂಡ ಅವರಿಗೆ ಪಾಶ್ಚಾತ್ಯ ಸಂಗೀತ ಕೇಳಿಸಿತು. ಯಾವುದು ಸಂತೋಷದ್ದು, ಯಾವುದು ದುಃಖದ್ದು, ಯಾವುದು ಭಯದ್ದು ಅಂತ ಅವರು ಸುಮಾರಾಗಿ ಗುರುತಿಸಿದರು. ಮೂಲ ಸಂಗೀತವನ್ನು ಕೆಡಿಸಿ ಕರ್ಕಶ ಮಾಡಿ ಕೇಳಿಸಿದಾಗ ಮೂಲವನ್ನೇ ಹೆಚ್ಚು ಮೆಚ್ಚಿದರು. ಇದು ಚಿಮಾನೆ ಫಲಿತಾಂಶಕ್ಕೆ ವಿರುದ್ಧ ಅಲ್ವಾ ಅಂತ ಕೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ಹಾಗೆ ಕೆಡಿಸಿದಾಗ ಸದ್ದಿನಲ್ಲಿ ಗರಗರವೂ ಹೆಚ್ಚುತ್ತದೆ. ಗರಗರ ಚಿಮಾನೆ ಜನರಿಗೂ ಬೇಡವಾಗಿತ್ತು. ದುಃಖ, ಸಂತೋಷ ಗುರುತಿಸಲು ವೇಗದಂಥ ಬೇರೆ ಸುಳಿವುಗಳೇ ಬೇಕಾದಷ್ಟಿವೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಅಂಕದ ಬಗ್ಗೆ. ಇಷ್ಟವನ್ನು ನಾಲ್ಕು ಹಂತದಲ್ಲಿ ಹೇಳುವುದು ಹೊರಗಿನವರು ತಂದ ಕ್ರಮ. ನಗುವಿಗೆ ಅದು ಹೊಂದಬಹುದು. ಸಂಗೀತದ ಚೂರುಗಳಿಗೆ ಹೊಂದುತ್ತದಾ? ಹಾಡನ್ನು ಇಷ್ಟ, ಇಷ್ಟವಿಲ್ಲ ಅಂತ ತೂಗದೆ, ಅದರಿಂದ ಆಗುವ ಕೆಲಸಕ್ಕಾಗಿ ಹಾಡುವವರೂ ಪ್ರಪಂಚದಲ್ಲಿ ಇದ್ದಾರೆ. ಈ ಪ್ರಶ್ನೆಯನ್ನು ಪಕ್ಕಕ್ಕೆ ತಳ್ಳಲು ಆಗುವುದಿಲ್ಲ.

ಅಂಕ ಬೇಡ, ಹಾಡಿ ತೋರಿಸಿ

ನೋರಿ ಜಾಕೊಬಿ ಮತ್ತು ಮೆಕ್‌ಡರ್ಮಟ್ ಹಿಡಿದ ದಾರಿ ಅದಕ್ಕೇ ನನಗೆ ಮೆಚ್ಚುಗೆ. ಅವರು ಅಭಿಪ್ರಾಯ ಕೇಳುವುದನ್ನು ಬಿಟ್ಟು, ಕೇಳಿದ್ದನ್ನು ಮಾಡಿ ತೋರಿಸಿ ಅಂದರು. 2017ರಲ್ಲಿ ಪ್ರಕಟವಾದ ಕೆಲಸದಲ್ಲಿ ಅದು ತಾಳ. ಕೇಳಿದ ತಾಳವನ್ನು ತಟ್ಟಬೇಕು. ತಟ್ಟಿದ್ದನ್ನೇ ಮತ್ತೆ ಅವರಿಗೆ ಕೇಳಿಸುತ್ತಾರೆ. ಹೀಗೆ ಸುತ್ತು ಹೋದಂತೆ ತಾಳ ಅವರವರ ಮನಸ್ಸಿನಲ್ಲಿರುವ ನಮೂನೆಯ ಕಡೆ ಜಾರುತ್ತದೆ. ಅಮೆರಿಕದವರದೂ ಚಿಮಾನೆಯವರದೂ ಸರಳ ಅನುಪಾತಗಳ ಕಡೆಗೇ ಜಾರಿತು. ಆದರೆ ಯಾವ ಅನುಪಾತಕ್ಕೆ ಎಷ್ಟು ಸೆಳೆತ ಎಂಬುದು ಬೇರೆ ಬೇರೆ. 2024ರಲ್ಲಿ ಇದೇ ಪರೀಕ್ಷೆ 15 ದೇಶಗಳ 39 ಗುಂಪುಗಳಿಗೆ ಹಬ್ಬಿತು. ಅಲ್ಲೂ ಚಿತ್ರ ಇದೇ.

2019ರಲ್ಲಿ ಪ್ರಕಟವಾದ ಕೆಲಸದಲ್ಲಿ ಅದು ಹಾಡು. ಎರಡು ಮೂರು ಸ್ವರಗಳ ಪುಟ್ಟ ಧಾಟಿ ಕೇಳಿಸುತ್ತಾರೆ. ಕೆಲವು ತೀರಾ ಕೆಳಗಿನವು, ಕೆಲವು ಯಾರೂ ಹಾಡಲಾಗದಷ್ಟು ಮೇಲಿನವು. ಅದನ್ನು ಕೇಳಿದವರು ತಮ್ಮ ದನಿಗೆ ಒಗ್ಗುವಂತೆ ಹಾಡಬೇಕು. ಸಂಗೀತ ಕಲಿತ ಅಮೆರಿಕದವರು ಮೇಲಿನ ಸ್ಥಾಯಿಯ ಸ ಕೇಳಿದರೆ ತಮ್ಮ ಸ್ಥಾಯಿಯ ಸ ಹಾಡಿದರು. ಎಷ್ಟೋ ಸ್ಥಾಯಿ ದಾಟಿ ಬಂದರೂ ಸ ಅನ್ನು ಸ ಎಂದೇ ಹಿಡಿದರು. ಕಲಿಯದ ಅಮೆರಿಕದವರಲ್ಲಿ ಈ ಹಿಡಿತ ಸಡಿಲವಾಗಿತ್ತು.

ಚಿಮಾನೆ ಜನ ಧಾಟಿಯ ಏರಿಳಿತವನ್ನು, ಸ್ವರಗಳ ನಡುವಿನ ಅಂತರವನ್ನು ಸಾಕಷ್ಟು ಸರಿಯಾಗಿಯೇ ಹಾಡಿದರು. ಸುಮಾರು 4,000 ಹರ್ಟ್ಸ್ ದಾಟಿದ ಮೇಲೆ ಅವರೂ ತಡವರಿಸಿದರು, ಅಮೆರಿಕದವರೂ ತಡವರಿಸಿದರು. ಪಿಯಾನೊದ ಕೊನೆಯ ಮನೆ 4,186 ಹರ್ಟ್ಸ್. ಚಿಮಾನೆ ಜನರ ವಾದ್ಯಗಳು ಅಷ್ಟು ಮೇಲಕ್ಕೆ ಹೋಗುವುದೇ ಇಲ್ಲ. ಆದರೂ ಮಿತಿ ಒಂದೇ ಕಡೆ ಬಂತು ಅಂದರೆ ಅದು ಕಿವಿ ಮತ್ತು ನರಗಳದ್ದೇ ಮಿತಿ ಇರಬೇಕು.

ಆದರೆ ಮೇಲಿನ ಸ ಕೇಳಿದಾಗ ಅವರು ತಮ್ಮ ಸ್ಥಾಯಿಯ ಸ ಹುಡುಕಲಿಲ್ಲ. ಧಾಟಿಯ ಆಕಾರ ಉಳಿಸಿಕೊಂಡು ತಮಗೆ ಅನುಕೂಲವಾದ ಯಾವುದೋ ಸ್ವರದಿಂದ ಶುರುಮಾಡಿದರು. ಈ ಎರಡು ಸ್ವರಗಳನ್ನು ಒಟ್ಟಿಗೆ ಕೇಳಿಸಿದರೆ ಒಂದೇ ಸದ್ದು ಅಂದುಕೊಳ್ಳುವ ಮಿದುಳು ಅವರದು. ಬಿಡಿಬಿಡಿಯಾಗಿ ಕೇಳಿಸಿದರೆ ಎರಡಕ್ಕೂ ಸಂಬಂಧವಿದೆ ಎಂಬಂತೆ ಹಾಡುವುದಿಲ್ಲ. ಕೆಳಗಿನ ಸ, ಮೇಲಿನ ಸ ಎರಡೂ ಒಂದೇ ಎಂಬ, ಸಂಗೀತದ ಮೊದಲ ಪಾಠದಲ್ಲೇ ಯಾರೂ ಪ್ರಶ್ನಿಸದೆ ಒಪ್ಪಿಕೊಳ್ಳುವ ಮಾತಿಗೂ ಕೇಳಿ ಬೆಳೆದ ಕಿವಿಯೇ ಬೇಕಾಗಿತ್ತು.